ಮನೆಯಲ್ಲೇ ಪಿಯಾನೊ ರೆಕಾರ್ಡಿಂಗ್: ಮೈಕ್ ಕೊಳ್ಳುವುದು ಕೊನೆಯ ಕೆಲಸ

ಪ್ರಶ್ನೆ: ನಾವಿರುವುದು ಮೈಸೂರಿನಲ್ಲಿ. ಮನೆಯಲ್ಲಿ ಸುಮಾರು 30 ವರ್ಷ ಹಳೆಯ, ತಂತಿಗಳು ನೆಟ್ಟಗೆ ನಿಂತಿರುವ ಬಗೆಯ ಅಪ್‌ರೈಟ್ ಪಿಯಾನೊ ಇದೆ. ರೂಮು 10 ಅಡಿ ಅಗಲ, 12 ಅಡಿ ಉದ್ದ, ಎತ್ತರ 10 ಅಡಿ, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಮಗಳು ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿ ಎಬಿಆರ್‌ಎಸ್‌ಎಂನ 5ನೇ ಗ್ರೇಡ್ ಪರ್ಫಾರ್ಮೆನ್ಸ್ ಪರೀಕ್ಷೆಗೆ ವೀಡಿಯೊ ಕಳಿಸಬೇಕು. ಫೋನಿನಲ್ಲಿ ತೆಗೆದರೆ ಜೋರಾದ ಕಡೆ ಸದ್ದು ಕುಗ್ಗಿಹೋಗುತ್ತದೆ, ಅದರ ಹಿಂದೆಯೇ ಬರುವ ಮೆಲುಭಾಗದಲ್ಲಿ 'ಶ್‌ಶ್' ಎನ್ನುವ ಸದ್ದು ಮೇಲೇಳುತ್ತದೆ. ಒಟ್ಟು ನಾದ ಡಬ್ಬದೊಳಗಿಂದ ಬಂದ ಹಾಗಿರುತ್ತದೆ. ಎಡಗೈಯ ಒಂದು 'ಎ' ಸ್ವರವಂತೂ ಗುಂಯ್ ಎಂದು ರೂಮೆಲ್ಲ ತುಂಬಿಕೊಳ್ಳುತ್ತದೆ. 20,000 ರೂಪಾಯಿಯೊಳಗೆ ಯಾವ ಮೈಕ್ ಕೊಳ್ಳಬೇಕು?

ಉತ್ತರ: ನೀವು ಹೇಳಿದ ಮೂರು ತೊಂದರೆಗಳಿಗೆ ಮೂರು ಬೇರೆ ಬೇರೆ ಕಾರಣಗಳಿವೆ. ಮೊದಲನೆಯದು ಫೋನಿನದು, ಎರಡನೆಯದು ಪಿಯಾನೊದ ಮುಚ್ಚಿದ ಪೆಟ್ಟಿಗೆ ಮತ್ತು ಫೋನ್ ಇಟ್ಟ ಜಾಗದ್ದು, ಮೂರನೆಯದು ನಿಮ್ಮ ಗೋಡೆಗಳ ಅಳತೆಯದು. ಹೊಸ ಮೈಕ್ ಇವುಗಳಲ್ಲಿ ಒಂದನ್ನು ಮಾತ್ರ ಸರಿಮಾಡೀತು. ಉಳಿದೆರಡನ್ನು ಹಾಗೇ ಬಿಟ್ಟು ಎಷ್ಟೇ ದುಬಾರಿ ಮೈಕ್ ತಂದರೂ ಅದೇ ಗುಂಯ್ ಇನ್ನಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ, ಅಷ್ಟೆ. ಮೇಲಾಗಿ ಪರ್ಫಾರ್ಮೆನ್ಸ್ ಗ್ರೇಡಿನಲ್ಲಿ ನಾಲ್ಕು ಕೃತಿಗಳನ್ನೂ ಒಂದೇ ಓಟದಲ್ಲಿ ನುಡಿಸಿ ಕಳಿಸಬೇಕು. ಕತ್ತರಿಸಿ ಜೋಡಿಸುವುದಕ್ಕಾಗಲಿ, ಆಮೇಲೆ ಸದ್ದು ತಿದ್ದುವುದಕ್ಕಾಗಲಿ ಅವಕಾಶವಿಲ್ಲ. ಸ್ಟುಡಿಯೊದಲ್ಲಿ ಎಡಿಟಿಂಗ್ ಮೇಜಿನ ಮೇಲೆ ಆಗುವ ಕೆಲಸವೆಲ್ಲ ನಿಮ್ಮಲ್ಲಿ ರೂಮಿನೊಳಗೇ, ರೆಕಾರ್ಡ್ ಗುಂಡಿ ಒತ್ತುವ ಮೊದಲೇ ಮುಗಿದಿರಬೇಕು.

ಫೋನ್ ಏನು ಮಾಡುತ್ತಿದೆ

ಫೋನಿನ ಮೈಕ್ ಹಿಂದೆ ಒಂದು ಸಾಫ್ಟ್‌ವೇರ್ ಕೂತಿರುತ್ತದೆ. ಸದ್ದು ಹೆಚ್ಚಾದರೆ ಅದು ಮಟ್ಟ ಇಳಿಸುತ್ತದೆ, ಕಡಿಮೆಯಾದರೆ ಏರಿಸುತ್ತದೆ. ಮಾತಿಗೆ ಇದು ವರ. ಪಿಯಾನೊಗೆ ಅಲ್ಲ, ಏಕೆಂದರೆ ಪಿಯಾನೊದ ಸ್ವರ ಹುಟ್ಟಿದ ಕ್ಷಣದಿಂದಲೇ ಇಳಿಯತೊಡಗುತ್ತದೆ, ಆ ಇಳಿತವೇ ಅದರ ಚಹರೆ. ಸ್ವರ ಇಳಿದಂತೆಲ್ಲ ಫೋನ್ ಅದನ್ನು ಎತ್ತಿಹಿಡಿಯುತ್ತದೆ. ನಾದ ಹಾರ್ಮೋನಿಯಂನಂತೆ ಚಪ್ಪಟೆಯಾಗುತ್ತದೆ. ಅದರ ಜೊತೆಗೇ ರೂಮಿನ ಸದ್ದೂ ಎದ್ದು ಬರುತ್ತದೆ. ನಿಮಗೆ ಕೇಳಿಸುತ್ತಿರುವ 'ಶ್‌ಶ್' ಇದೇ. ಕೆಲವು ಫೋನುಗಳಲ್ಲಿ ಗದ್ದಲ ತೆಗೆಯುವ ವ್ಯವಸ್ಥೆಯೂ ಇರುತ್ತದೆ. ಪೆಡಲ್ ಒತ್ತಿದಾಗ ಉಳಿಯುವ ಅನುರಣನ ಅದಕ್ಕೆ ಫ್ಯಾನಿನ ಸದ್ದಿನಂತೆ ಕಾಣುತ್ತದೆ, ಅದನ್ನೂ ಒರೆಸಿಹಾಕುತ್ತದೆ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಪೆಡಲ್ ಒತ್ತಿ ಒಂದು ಜೋರಾದ ಕಾರ್ಡ್ (ಒಟ್ಟಿಗೆ ಒತ್ತಿದ ಮೂರು ನಾಲ್ಕು ಸ್ವರ) ನುಡಿಸಿ, ಕೈ ತೆಗೆಯದೆ 10 ಸೆಕೆಂಡ್ ಸುಮ್ಮನಿರಿ. ಹೆಡ್‌ಫೋನ್‌ನಲ್ಲಿ ಕೇಳಿದಾಗ ಸ್ವರ ಇಳಿಯುತ್ತಿದ್ದಂತೆ ಹಿನ್ನೆಲೆಯ ಸದ್ದು ಏರುತ್ತ ಬಂದರೆ ಫೋನ್ ಕೈಯಾಡಿಸುತ್ತಿದೆ ಎಂದೇ ಅರ್ಥ. ಆಂಡ್ರಾಯ್ಡ್‌ನಲ್ಲಿ 'ಓಪನ್ ಕ್ಯಾಮೆರಾ' ಎಂಬ ಉಚಿತ ಆಪ್ ಇದೆ. ಅದರ ವೀಡಿಯೊ ಸೆಟ್ಟಿಂಗ್‌ನಲ್ಲಿ ಆಡಿಯೊ ಮೂಲವನ್ನು 'ಅನ್‌ಪ್ರಾಸೆಸ್ಡ್' ಎಂದು ಆರಿಸಬಹುದು. ಫೋನ್ ಅದಕ್ಕೆ ಒಪ್ಪಿದರೆ ಇದೇ ಪರೀಕ್ಷೆಯಲ್ಲಿ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಒಪ್ಪದಿದ್ದರೆ ಹೊರಗಿನ ಮೈಕ್ ಬೇಕು. ಆ ಮಾತಿಗೆ ಆಮೇಲೆ ಬರೋಣ.

ಆ ಒಂದು 'ಎ' ಸ್ವರ

ಇದು ನಿಮ್ಮ ಪಿಯಾನೊದ ದೋಷವಲ್ಲ. ಎದುರುಬದುರು ಗೋಡೆಗಳ ನಡುವೆ ಒಂದು ನಿರ್ದಿಷ್ಟ ಕಂಪನಸಂಖ್ಯೆಯ ಅಲೆ ಸರಿಯಾಗಿ ಹೊಂದಿಕೊಂಡು ನಿಂತುಬಿಡುತ್ತದೆ. ಲೆಕ್ಕ ಸಣ್ಣದು: ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಅದನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಬೇಕು. 10 ಅಡಿ ಎಂದರೆ 3.05 ಮೀಟರ್, ಉತ್ತರ 56 ಹರ್ಟ್ಸ್. ಪಿಯಾನೊದ ಎಡತುದಿಯಿಂದ 13ನೇ ಕೀ, ಅಂದರೆ ಕೆಳಗಿನಿಂದ ಎರಡನೆಯ 'ಎ', 55 ಹರ್ಟ್ಸ್. ನಿಮ್ಮ ಛಾವಣಿಯೂ 10 ಅಡಿ ಎತ್ತರದಲ್ಲೇ ಇರುವುದರಿಂದ ಅಗಲ ಮತ್ತು ಎತ್ತರ ಎರಡೂ ಅದೇ ಸ್ವರಕ್ಕೆ ತಾಳ ಹಾಕುತ್ತವೆ. 12 ಅಡಿ ಉದ್ದದ್ದು 47 ಹರ್ಟ್ಸ್. ಅದಕ್ಕೆ ಹತ್ತಿರವಿರುವುದು 10ನೇ ಕೀ, ಎಫ್ ಶಾರ್ಪ್. ಅದನ್ನೂ ಒಮ್ಮೆ ಒತ್ತಿ ನೋಡಿ, ಅಕ್ಕಪಕ್ಕದ ಸ್ವರಗಳಿಗಿಂತ ತುಸು ದಪ್ಪಗೆ ಕೇಳಿಸೀತು.

55 ಹರ್ಟ್ಸ್ ಅಲೆಯನ್ನು ಪರದೆ ಕಟ್ಟಿ ಹೀರಿಸಲು ಮನೆಯಲ್ಲಿ ಸಾಧ್ಯವಿಲ್ಲ. ಗೋಡೆಗೆ ಅಂಟಿಸುವ ಒಂದಿಂಚಿನ ಫೋಮ್ ಆಗಲಿ, ಕೋಳಿಮೊಟ್ಟೆಯ ಟ್ರೇ ಆಗಲಿ ಕೆಳಸ್ವರಗಳನ್ನು ಮುಟ್ಟುವುದೇ ಇಲ್ಲ. ಫೋಮ್ ಮೇಲಿನ ಹೊಳಪನ್ನಷ್ಟೇ ತಿಂದು ನಾದವನ್ನು ಮಂಕು ಮಾಡುತ್ತದೆ, ಮೊಟ್ಟೆ ಟ್ರೇ ಅದನ್ನೂ ಸರಿಯಾಗಿ ಮಾಡುವುದಿಲ್ಲ. ಆದರೆ ಈ ನಿಂತ ಅಲೆಗೆ ಒಂದು ಗುಣವಿದೆ: ಗೋಡೆಯ ಹತ್ತಿರ ಅದು ಅತಿ ಜೋರು, ಎರಡು ಗೋಡೆಗಳ ನಟ್ಟನಡುವೆ ಅತಿ ಮೆಲ್ಲಗೆ. ಅಂದರೆ ಮೈಕನ್ನು ಪಕ್ಕದ ಗೋಡೆಗಳಿಂದ 5 ಅಡಿ, ನೆಲದಿಂದ 5 ಅಡಿ ಇರುವಲ್ಲಿ ನಿಲ್ಲಿಸಿದರೆ ಅಗಲದ ಅಲೆ, ಎತ್ತರದ ಅಲೆ ಎರಡರಿಂದಲೂ ಅದು ಒಂದೇ ಏಟಿಗೆ ಪಾರಾಗುತ್ತದೆ. ನಿಮ್ಮ ಫೋನ್ ಈಗ ಎಲ್ಲಿರುತ್ತದೆ? ಗೋಡೆಯ ಪಕ್ಕದ ಶೆಲ್ಫ್ ಮೇಲೋ ಕಿಟಕಿಯ ಕಟ್ಟೆಯ ಮೇಲೋ ಇದ್ದರೆ ಗುಂಯ್ ಅತಿ ಜೋರಾಗಿರುವ ಜಾಗವನ್ನೇ ಹುಡುಕಿ ಇಟ್ಟ ಹಾಗಾಯಿತು.

ಆದ್ದರಿಂದ ಪಿಯಾನೊವನ್ನು 10 ಅಡಿಯ ಗೋಡೆಗೆ ಬೆನ್ನು ಮಾಡಿ, ಆ ಗೋಡೆಯ ಮಧ್ಯಕ್ಕೆ ಬರುವಂತೆ ಇಡಿ. ಮೂಲೆ ಬೇಡ; ಮೂಲೆಯಲ್ಲಿ ಎಲ್ಲ ಅಲೆಗಳೂ ಒಟ್ಟಿಗೆ ಕೆರಳುತ್ತವೆ. ಹಿಂಭಾಗಕ್ಕೂ ಗೋಡೆಗೂ ನಡುವೆ 30 ಸೆಂ.ಮೀ.ನಷ್ಟು ಜಾಗವಿರಲಿ. ಅಪ್‌ರೈಟ್‌ನ ಸೌಂಡ್‌ಬೋರ್ಡ್, ಅಂದರೆ ತಂತಿಗಳ ಸದ್ದನ್ನು ಜೋರು ಮಾಡುವ ಮರದ ಹಲಗೆ, ಇರುವುದೇ ಹಿಂದೆ. ಅದನ್ನು ಗೋಡೆಗೆ ಒತ್ತಿಟ್ಟರೆ ಬಾಯಿಗೆ ಕೈ ಅಡ್ಡ ಹಿಡಿದು ಹಾಡಿದ ಹಾಗೆ. ಸರಿಸುವಾಗ ಹುಷಾರು. ಒಳಗೆ ಎರಕದ ಕಬ್ಬಿಣದ ಚೌಕಟ್ಟು ಇರುವುದರಿಂದ ತೂಕ 200 ಕಿಲೋ ದಾಟಬಹುದು, ಭಾರವೆಲ್ಲ ಹಿಂದಕ್ಕೇ ಇರುತ್ತದೆ. ಇಬ್ಬರು ದೊಡ್ಡವರು ಎರಡು ತುದಿಯಲ್ಲಿ ನಿಂತು ನೆಲಕ್ಕೆ ಹತ್ತಿರದಿಂದ ತಳ್ಳಿ. ಮೇಲುಗಡೆ ಹಿಡಿದು ಎಳೆಯಬೇಡಿ.

ಇನ್ನು ಟೈಲ್ಸ್ ಮತ್ತು ಬರಿಯ ಗೋಡೆಯ ವಿಷಯ. ರೂಮಿನ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. 'ಝುರ್‌ರ್' ಎಂದು ಬಾಲ ಎದ್ದರೆ ಎದುರುಬದುರು ಗೋಡೆಗಳು ಸದ್ದನ್ನು ಚೆಂಡಿನಂತೆ ಎಸೆದಾಡುತ್ತಿವೆ. ಇದಕ್ಕೆ ಮನೆಯ ಬಟ್ಟೆಬರೆಯೇ ಸಾಕು. ಪಿಯಾನೊದ ಎದುರಿನ ಗೋಡೆಗೆ ಹತ್ತಿಯ ಹಾಸಿಗೆಯೊಂದನ್ನು ನೆಟ್ಟಗೆ ಒರಗಿಸಿ. ಪಕ್ಕದ ಗೋಡೆಯಿಂದ ಒಂದು ಗೇಣು ಮುಂದಕ್ಕೆ, ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಮೇಲೆ ಕೌದಿ ಹಾಕಿ. ಹಳೆ ಸೀರೆಗಳ ಪದರ ಸೇರಿಸಿ ಹೊಲಿದ ಕೌದಿ ಈ ಕೆಲಸಕ್ಕೆ ಅಂಗಡಿಯ ತೆಳು ಪರದೆಗಿಂತ ಎಷ್ಟೋ ವಾಸಿ. ಗೋಡೆಗೇ ಅಂಟಿಸಿ ಹಾಕಿದರೆ ಪರಿಣಾಮ ಅರ್ಧಕ್ಕೆ ಇಳಿಯುತ್ತದೆ, ಆ ಗೇಣಿನ ಅಂತರ ಮುಖ್ಯ. ನೆಲಕ್ಕೆ ಒಂದು ಜಮಖಾನ. ಬೀರು ಇದ್ದರೆ ಬಾಗಿಲು ತೆರೆದಿಡಿ, ಒಳಗಿನ ಬಟ್ಟೆಗಳೂ ದುಡಿಯಲಿ. ಇಷ್ಟಕ್ಕೇ ನಿಲ್ಲಿಸಿ. ಇದ್ದಬದ್ದ ಗೋಡೆಯನ್ನೆಲ್ಲ ಮುಚ್ಚಿದರೆ ಪಿಯಾನೊ ಉಸಿರುಗಟ್ಟಿದಂತೆ ಕೇಳುತ್ತದೆ. ಎಡಿಟ್ ಮಾಡುವಂತಿಲ್ಲದ ರೆಕಾರ್ಡಿಂಗ್‌ಗೆ ಆಮೇಲೆ ರಿವರ್ಬ್ (ಕೃತಕ ಅನುರಣನ) ಸೇರಿಸಲೂ ಬರುವುದಿಲ್ಲ.

ಮೊದಲ ಖರ್ಚು ಟ್ಯೂನರ್‌ಗೆ

ನಿಮ್ಮ 20,000ದ ಮೊದಲ ಪಾಲು ಮೈಕಿಗಲ್ಲ, ಟ್ಯೂನಿಂಗ್‌ಗೆ. ಪಿಯಾನೊದಲ್ಲಿ 88 ಕೀಗಳಿಗೆ ಸುಮಾರು 230 ತಂತಿಗಳಿವೆ. ಕೆಳಗಿನ ಕೆಲವು ಸ್ವರಗಳಿಗೆ ಒಂದೊಂದೇ ತಂತಿ, ಅದರ ಮೇಲೆ ಎರಡೆರಡು, ಮಧ್ಯದಿಂದ ಮೇಲಕ್ಕೆ ಮೂರು ಮೂರು. ಈ ಮೂರರಲ್ಲಿ ಒಂದು ಕೂದಲೆಳೆಯಷ್ಟು ಜಾರಿದರೂ 'ವಾಂವ್ ವಾಂವ್' ಎಂಬ ಅಲುಗಾಟ ಶುರುವಾಗುತ್ತದೆ. ದಿನವೂ ಕೇಳುವ ಕಿವಿ ಅದಕ್ಕೆ ಹೊಂದಿಕೊಂಡುಬಿಟ್ಟಿರುತ್ತದೆ, ಮೈಕ್ ಹೊಂದಿಕೊಳ್ಳುವುದಿಲ್ಲ. ಒಂದೊಂದೇ ಕೀ ಒತ್ತಿ ಐದೈದು ಸೆಕೆಂಡ್ ಹಿಡಿದು ಕೇಳಿ, ಅಲುಗಾಡುವ ಸ್ವರಗಳನ್ನು ಬರೆದಿಟ್ಟು ಟ್ಯೂನರ್‌ಗೆ ಕೊಡಿ.

ರೆಕಾರ್ಡಿಂಗ್‌ಗೆ ಎರಡು ಮೂರು ದಿನ ಮುಂಚೆ ಟ್ಯೂನ್ ಮಾಡಿಸುವುದು ಒಳ್ಳೆಯದು. ಹಲವು ವರ್ಷ ಟ್ಯೂನ್ ಆಗದ ಪಿಯಾನೊ ಆಗಿದ್ದರೆ ಆ ಲೆಕ್ಕ ಸಾಲದು. ಒಮ್ಮೆ ಶ್ರುತಿ ಮೇಲೆತ್ತಿದ ಮೇಲೆ ತಂತಿಗಳು ಮತ್ತೆ ಇಳಿಯುತ್ತವೆ, ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಬೇಕಾಗುತ್ತದೆ. ಹವೆಯೂ ಆಟ ಆಡುತ್ತದೆ. ಮಳೆಗಾಲದ ತೇವಕ್ಕೆ ಸೌಂಡ್‌ಬೋರ್ಡಿನ ಮರ ಉಬ್ಬಿ ಶ್ರುತಿ ಏರುತ್ತದೆ, ಫೆಬ್ರವರಿ–ಮಾರ್ಚಿನ ಒಣಹವೆಗೆ ಇಳಿಯುತ್ತದೆ. ಹಾಗಾಗಿ ಜೂನ್ ಮೊದಲ ಮಳೆಗೆ ಮುಂಚೆ ಮಾಡಿಸಿದ ಟ್ಯೂನಿಂಗ್‌ ನಂಬಿಕೊಂಡು ಆಗಸ್ಟ್‌ನಲ್ಲಿ ರೆಕಾರ್ಡ್ ಮಾಡಬೇಡಿ. ಪಿಯಾನೊ ಸರಿಸುವುದೇನಿದ್ದರೂ ಟ್ಯೂನರ್ ಬರುವ ಮೊದಲೇ ಸರಿಸಿ.

ಟ್ಯೂನರ್ ಬಂದಾಗಲೇ ಇನ್ನೆರಡು ಕೆಲಸ ಹೇಳಿ. ಪೆಡಲ್ ಒತ್ತಿದಾಗ 'ಕಿರ್' ಎಂದರೆ ಎಲ್ಲಿ ಉಜ್ಜುತ್ತಿದೆ ಎಂದು ನೋಡಿ ಅವರೇ ಸರಿಮಾಡಲಿ. ತುಕ್ಕು ಬಿಡಿಸುವ ಸ್ಪ್ರೇಯನ್ನು ನೀವೇ ಪಿಯಾನೊದೊಳಗೆ ಹೊಡೆಯಬೇಡಿ, ಫೆಲ್ಟ್‌ಗೂ ಮರಕ್ಕೂ ಇಳಿದರೆ ವಾಪಸ್ ತೆಗೆಯಲಾಗದು. ಎರಡನೆಯದು ತಂತಿಗಳಿಗೆ ಬಡಿಯುವ ಹ್ಯಾಮರ್‌ಗಳ ಫೆಲ್ಟ್ ತುದಿ. 30 ವರ್ಷದ ಫೆಲ್ಟಿನಲ್ಲಿ ತಂತಿಗಳ ಗೀರು ಆಳವಾಗಿ ಬಿದ್ದಿದ್ದರೆ ನಾದ ಗಡುಸಾಗಿ, ತಗಡು ಬಡಿದಂತೆ ಕೇಳುತ್ತದೆ. ಇದನ್ನು ಯಾವ ಮೈಕೂ ಮೃದು ಮಾಡದು. ಫೆಲ್ಟ್ ಉಜ್ಜಿ, ಸೂಜಿ ಚುಚ್ಚಿ ಹದ ಮಾಡುವುದು ಬಲ್ಲವರ ಕೈಯ ಕೆಲಸ.

ಆಮೇಲೆ ರೂಮಿನ ಗಿಲಕಿಗಳು. ಪೆಡಲ್ ಒತ್ತಿಹಿಡಿದು ಒಬ್ಬರು ಎಡತುದಿಯಿಂದ ಒಂದೊಂದೇ ಸ್ವರ ಗಟ್ಟಿಯಾಗಿ ನುಡಿಸುತ್ತ ಹೋಗಲಿ, ಇನ್ನೊಬ್ಬರು ಸಾಮಾನುಗಳ ಮೇಲೆ ಕೈಯಿಟ್ಟು ನೋಡುತ್ತ ಬರಲಿ. ಶೋಕೇಸಿನ ಗಾಜು, ಗೋಡೆಯ ಫೋಟೊ, ಬಾಗಿಲ ಚಿಲಕ, ಪಿಯಾನೊ ಮೇಲಿನ ಹೂದಾನಿ ಇವೆಲ್ಲ ತಮ್ಮ ತಮ್ಮ ಸ್ವರ ಬಂದಾಗ ಝಣ್ ಎನ್ನುತ್ತವೆ. ಪಿಯಾನೊದೊಳಗೇ ಝಣ್ ಎಂದರೆ ತಳದಲ್ಲಿ ಬಿದ್ದ ಪೆನ್ಸಿಲ್ಲೋ ನಾಣ್ಯವೋ ಇದೆಯೇ ನೋಡಿ. ಹಳೆ ಪಿಯಾನೊಗಳಲ್ಲಿ ಸಾಮಾನ್ಯವಾಗಿ ಸಿಗುತ್ತದೆ.

ಡಬ್ಬದ ನಾದ ಹೋಗಬೇಕಾದರೆ ಡಬ್ಬ ತೆರೆಯಬೇಕು

ಮುಚ್ಚಿದ ಅಪ್‌ರೈಟ್‌ನಲ್ಲಿ ಹ್ಯಾಮರ್ ಮತ್ತು ತಂತಿಗಳ ಮುಂದೆ ಒಂದು ಹಲಗೆ ಇರುತ್ತದೆ. ಮೇಲಿನ ಸ್ವರಗಳ ಹೊಳಪೆಲ್ಲ ಆ ಹಲಗೆಯ ಹಿಂದೆಯೇ ಸಿಕ್ಕಿಬೀಳುತ್ತದೆ. ಮೇಲಿನ ಮುಚ್ಚಳ ಎತ್ತಿ ಒಳಗೆ ನೋಡಿ: ಮುಂಭಾಗದ ಹಲಗೆಯ ಎಡ–ಬಲ ತುದಿಗಳಲ್ಲಿ ಒಂದೊಂದು ತಿರುಗಣೆಯೋ ಸ್ಪ್ರಿಂಗ್ ಕೊಕ್ಕೆಯೋ ಇರುತ್ತದೆ. ಎರಡನ್ನೂ ಬಿಡಿಸಿ, ಹಲಗೆಯ ಮೇಲಂಚನ್ನು ನಿಮ್ಮ ಕಡೆಗೆ ಸ್ವಲ್ಪ ಬಾಗಿಸಿ, ಎರಡೂ ಕೈಯಲ್ಲಿ ನೇರ ಮೇಲಕ್ಕೆ ಎತ್ತಿದರೆ ಕಳಚಿಕೊಳ್ಳುತ್ತದೆ. ಅದಕ್ಕೆ ಮೊದಲು ಜೇಬಿನ ಪೆನ್ನು ತೆಗೆದಿಡಿ. ಹ್ಯಾಮರ್‌ಗಳ ಸಾಲಿಗೆ ಕೈ ತಾಗಿಸಬೇಡಿ.

ಇಲ್ಲೊಂದು ತೊಡಕು ಬರಬಹುದು. ಕೆಲವು ಪಿಯಾನೊಗಳಲ್ಲಿ ಸ್ವರಲಿಪಿ ಇಡುವ ಪಟ್ಟಿ ಕೀಗಳ ಮುಚ್ಚಳದ ಮೇಲಿರುತ್ತದೆ, ಕೆಲವುಗಳಲ್ಲಿ ಈಗ ತೆಗೆದ ಹಲಗೆಗೇ ಸೇರಿರುತ್ತದೆ. ಎರಡನೆಯ ಬಗೆಯದಾದರೆ ಮಗಳು ಬಾಯಿಪಾಠದಿಂದ ನುಡಿಸಬೇಕು, ಇಲ್ಲವೇ ಹಲಗೆ ಹಾಗೇ ಬಿಟ್ಟು ಮೇಲಿನ ಮುಚ್ಚಳ ಮಾತ್ರ ಪೂರ್ತಿ ತೆರೆಯಬೇಕು. ಅಷ್ಟಕ್ಕೂ ಗಣನೀಯ ವ್ಯತ್ಯಾಸ ಬರುತ್ತದೆ. ಕೀಗಳ ಕೆಳಗಿನ, ಮೊಣಕಾಲ ಬಳಿಯ ಹಲಗೆ ತೆಗೆಯಿರಿ ಎಂದು ಸಲಹೆ ಕೊಡುವವರಿದ್ದಾರೆ. ಅದು ಕೆಳಸ್ವರಗಳನ್ನು ಹೆಚ್ಚಿಸುತ್ತದೆ. ನಿಮ್ಮ ರೂಮಿನಲ್ಲಿ ಅವು ಈಗಲೇ ಹೆಚ್ಚು, ಅದನ್ನು ಮುಟ್ಟಬೇಡಿ.

ಮೈಕ್ ಇಡಲು ಅಪ್‌ರೈಟ್‌ಗೆ ಮೂರು ಜಾಗಗಳಿವೆ. ಹಿಂದಿನಿಂದ ಸೌಂಡ್‌ಬೋರ್ಡಿಗೆ ಮುಖಮಾಡಿದರೆ ಹ್ಯಾಮರಿನ ಟಕಟಕ ಇರುವುದಿಲ್ಲ, ನಾದ ಮಾತ್ರ ಕಂಬಳಿ ಹೊದ್ದಂತೆ. ತೆರೆದ ಮುಚ್ಚಳದ ಮೇಲಿನಿಂದ ಒಳಗೆ ಇಣುಕಿದರೆ ಬಹಳ ಸ್ಪಷ್ಟ, ಆದರೆ ಮೈಕ್ ಮುಂದಿರುವ ಸ್ವರಗಳು ಮುಂದೆ ನುಗ್ಗಿ ಉಳಿದವು ಹಿಂದುಳಿಯುತ್ತವೆ. ಅಕ್ಕಪಕ್ಕದ ಗದ್ದಲ ತಪ್ಪಿಸಲೇಬೇಕಾದಾಗ ಮಾತ್ರ ಇದು. ಮೂರನೆಯದು ನುಡಿಸುವವರ ತಲೆಯ ಹಿಂದಿನಿಂದ, ಭುಜದ ಮೇಲಾಗಿ, ತೆರೆದ ಹ್ಯಾಮರ್‌ಗಳತ್ತ ನೋಡುವುದು. ನಿಮಗೆ ಇದನ್ನೇ ಹೇಳುತ್ತೇನೆ.

ಅಳತೆ ಹೀಗೆ: ಮೈಕ್ ನೆಲದಿಂದ 150 ಸೆಂ.ಮೀ., ಹ್ಯಾಮರ್‌ಗಳ ಸಾಲಿನಿಂದ ಸುಮಾರು 100 ಸೆಂ.ಮೀ. ಹಿಂದೆ, ಪಿಯಾನೊದ ಅಡ್ಡಗಲದ ಮಧ್ಯಕ್ಕೆ, ಮೂತಿ ತುಸು ಕೆಳಗೆ. ಕೂತಿರುವ ಹುಡುಗಿಯ ತಲೆ 120–125 ಸೆಂ.ಮೀ. ಎತ್ತರದಲ್ಲಿರುವುದರಿಂದ ಅದರ ಮೇಲಿನಿಂದಲೇ ಸದ್ದು ಹಾದುಬರುತ್ತದೆ. ಪಿಯಾನೊವನ್ನು 10 ಅಡಿ ಗೋಡೆಯ ಮಧ್ಯಕ್ಕೆ ಇಟ್ಟದ್ದರ ಫಲ ಈಗ ಸಿಗುತ್ತದೆ: ಈ ಬಿಂದು ಪಕ್ಕದ ಗೋಡೆಗಳಿಗೂ, ನೆಲ–ಛಾವಣಿಗೂ ನಟ್ಟನಡುವೆ ಬಂದು, ಆ 'ಎ' ಸ್ವರ ತನ್ನ ಅಕ್ಕಪಕ್ಕದವುಗಳ ಸಾಲಿಗೆ ಇಳಿಯುತ್ತದೆ.

ಇದು ಶುರುವಿನ ಜಾಗ, ಕೊನೆಯದಲ್ಲ. ಮೈಕ್ ತರುವ ಮೊದಲೇ ಕಿವಿಯಿಂದ ಹುಡುಕಬಹುದು. ಮಗಳು ನುಡಿಸುತ್ತಿರಲಿ, ನೀವು ಒಂದು ಕಿವಿಯನ್ನು ಬೆರಳಿನಿಂದ ಗಟ್ಟಿಯಾಗಿ ಮುಚ್ಚಿಕೊಂಡು, ತೆರೆದ ಕಿವಿಯನ್ನು ಪಿಯಾನೊ ಕಡೆ ಮಾಡಿ, ತಲೆಯನ್ನು ನಿಧಾನವಾಗಿ ಹಿಂದೆ ಮುಂದೆ, ಮೇಲೆ ಕೆಳಗೆ ಸರಿಸಿ. ಎರಡು ಕಿವಿ ತೆರೆದಿರುವಾಗ ಮಿದುಳು ರೂಮಿನ ಸದ್ದನ್ನು ಸೋಸಿಬಿಡುತ್ತದೆ. ಒಂದೇ ಕಿವಿಗೆ ಕೇಳುವುದು ಮೈಕಿಗೆ ಕೇಳುವುದಕ್ಕೆ ಬಹಳ ಹತ್ತಿರ. ಎಡಗೈ, ಬಲಗೈ ಸಮತೂಕದಲ್ಲಿ ಕೇಳುವ ಕಡೆ ನಿಲ್ಲಿ, ಅಲ್ಲಿ ಮೈಕ್ ಇಡಿ. ಅಲ್ಲಿಂದ 15 ಸೆಂ.ಮೀ.ನಂತೆ ಹಿಂದೆ ಮುಂದೆ ಸರಿಸಿ ಒಂದೇ 20 ಸೆಕೆಂಡಿನ ಭಾಗವನ್ನು ನಾಲ್ಕೈದು ಸಲ ರೆಕಾರ್ಡ್ ಮಾಡಿ. ಪ್ರತಿ ಸಲವೂ ಅಳತೆಯನ್ನು ಬಾಯಲ್ಲಿ ಹೇಳಿ ಶುರುಮಾಡಿ, ಇಲ್ಲದಿದ್ದರೆ ಆಮೇಲೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಹತ್ತಿರವಾದಷ್ಟೂ ಹ್ಯಾಮರಿನ ಟಕಟಕ ಜಾಸ್ತಿ, ದೂರವಾದಷ್ಟೂ ರೂಮು ಜಾಸ್ತಿ. ಹೋಲಿಸುವಾಗ ಎಲ್ಲವನ್ನೂ ಒಂದೇ ಜೋರಿಗೆ ತಂದು ಕೇಳಿ. ಸ್ವಲ್ಪ ಜೋರಾಗಿರುವುದು ಯಾವಾಗಲೂ ಚೆನ್ನಾಗಿರುವಂತೆ ಕೇಳಿಸುತ್ತದೆ, ಅದು ಮೋಸ.

ಈಗ ಮೈಕ್

ನಿಮ್ಮ ಬಜೆಟ್‌ಗೆ, ನಿಮ್ಮ ಕೆಲಸಕ್ಕೆ, ಬಿಡಿ ಮೈಕ್‌ಗಳಿಗಿಂತ ಕೈಯಲ್ಲಿ ಹಿಡಿಯುವ ಸ್ಟೀರಿಯೊ ರೆಕಾರ್ಡರ್ ಮೇಲು. ಜೂಮ್ ಎಚ್1 ಎಸೆನ್ಷಿಯಲ್ ಅಥವಾ ಟ್ಯಾಸ್ಕಾಮ್ ಡಿಆರ್–05ಎಕ್ಸ್ ನೋಡಿ. ಜೂಮ್‌ನಲ್ಲಿ ಎರಡು ಮೈಕ್ ಒಂದರ ಮೇಲೊಂದು ಅಡ್ಡಲಾಗಿ, ಮುಂದಿನ ಸದ್ದನ್ನು ಹೆಚ್ಚು ಹಿಡಿಯುವಂತಿವೆ. ಟ್ಯಾಸ್ಕಾಮ್‌ನವು ಸುತ್ತಲಿನ ಸದ್ದನ್ನೂ ಹಿಡಿಯುತ್ತವೆ. ದೊಡ್ಡ ಹಾಲ್ ಆಗಿದ್ದರೆ ಎರಡನೆಯದು ಎನ್ನುತ್ತಿದ್ದೆ. 10×12ಕ್ಕೆ ಮೊದಲನೆಯದೇ ಸರಿ. ಎರಡೂ ಯುಎಸ್‌ಬಿ ಮೂಲಕ ಫೋನಿಗೋ ಲ್ಯಾಪ್‌ಟಾಪಿಗೋ ಮೈಕ್ ಆಗಿ ಸೇರುತ್ತವೆ. ನಿಮಗೆ ಬೇಕಾದದ್ದು ಅದೇ, ಏಕೆಂದರೆ ಸದ್ದು ವೀಡಿಯೊ ಜೊತೆಗೇ ಒಂದೇ ಫೈಲಿಗೆ ಇಳಿದರೆ ಆಮೇಲೆ ಜೋಡಿಸುವ ಪ್ರಶ್ನೆಯೇ ಏಳುವುದಿಲ್ಲ.

ಕೇಬಲ್ 3 ಮೀಟರ್ ಇರಲಿ, ಚಾರ್ಜಿಂಗ್‌ಗೆ ಮಾತ್ರವಾಗುವ ಅಗ್ಗದ ಕೇಬಲ್ ಆಗದಿರಲಿ. ಡೇಟಾ ಸಾಗಿಸುವಂಥದ್ದೇ ಬೇಕು. ಐಫೋನ್ 15ರಿಂದ ಈಚಿನವಕ್ಕೆ ನೇರ ಯುಎಸ್‌ಬಿ–ಸಿ, ಹಳೆಯವಕ್ಕೆ ಅಡಾಪ್ಟರ್ ಬೇಕು. ಆಂಡ್ರಾಯ್ಡ್ ಫೋನುಗಳ ಸ್ವಂತ ಕ್ಯಾಮೆರಾ ಆಪ್ ಕೆಲವೊಮ್ಮೆ ಹೊರಗಿನ ಮೈಕನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ತನ್ನದರಲ್ಲೇ ರೆಕಾರ್ಡ್ ಮಾಡಿಕೊಂಡಿರುತ್ತದೆ, ಪರದೆಯ ಮೇಲೆ ಸುಳಿವೂ ಇರುವುದಿಲ್ಲ. ಪರೀಕ್ಷಿಸುವ ದಾರಿ: ರೆಕಾರ್ಡ್ ಆಗುತ್ತಿರುವಾಗ ರೆಕಾರ್ಡರಿನ ಮೈಕ್ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಗೀರಿ, ಆಮೇಲೆ ಫೋನಿನ ಬೆನ್ನನ್ನು ಗೀರಿ. ಕೇಳುವಾಗ ಯಾವ ಗೀರು ಜೋರಾಗಿದೆಯೋ ಆ ಮೈಕೇ ಕೆಲಸ ಮಾಡುತ್ತಿದೆ. ಹೊರಗಿನ ಮೈಕ್ ಸೇರಿಸಿದ ಮೇಲೆ ಆ 10 ಸೆಕೆಂಡಿನ ಕಾರ್ಡ್ ಪರೀಕ್ಷೆಯನ್ನೂ ಮತ್ತೊಮ್ಮೆ ಮಾಡಿ.

ಮಟ್ಟದ ಬಗ್ಗೆ. ರೆಕಾರ್ಡರಿನಲ್ಲಿ 'ಆಟೋ ಲೆವೆಲ್' ಇದ್ದರೆ ಆಫ್ ಮಾಡಿ; ಫೋನಿನಿಂದ ತಪ್ಪಿಸಿಕೊಂಡ ಭೂತವನ್ನೇ ಇಲ್ಲಿ ಮತ್ತೆ ಮನೆಗೆ ಕರೆಯಬಾರದು. ಕೆಳಸ್ವರಗಳನ್ನು ಕತ್ತರಿಸುವ 'ಲೋ ಕಟ್' ಸಹ ಆಫ್ ಇರಲಿ, ಪಿಯಾನೊದ ಕೆಳತುದಿ 27.5 ಹರ್ಟ್ಸ್‌ವರೆಗೆ ಇಳಿಯುತ್ತದೆ. ನಾಲ್ಕು ಕೃತಿಗಳಲ್ಲಿ ಅತಿ ಜೋರಾದ ಭಾಗವನ್ನು ನುಡಿಸಿದಾಗ ಮೀಟರ್ ಮೈನಸ್ 12 ಡಿಬಿ ಆಸುಪಾಸಿಗೆ ಬರುವಂತೆ ಗೇನ್ (ಮೈಕ್ ಸದ್ದನ್ನು ಎಷ್ಟು ಏರಿಸಬೇಕೆಂಬ ಮಟ್ಟ) ಇಡಿ. ಅಷ್ಟು ಜಾಗ ಯಾಕೆಂದರೆ, ಕ್ಯಾಮೆರಾ ಎದುರು ಕೂತಾಗ ಕೈ ತಾಲೀಮಿಗಿಂತ ಜೋರಾಗುತ್ತದೆ. ಎಚ್1 ಎಸೆನ್ಷಿಯಲ್‌ನಲ್ಲಿ ಗೇನ್ ಗುಂಡಿಯೇ ಇಲ್ಲ, 32 ಬಿಟ್ ಫ್ಲೋಟ್ (ಅತಿ ಮೆಲ್ಲಗಿನ, ಅತಿ ಜೋರಾದ ಸದ್ದನ್ನೂ ಕೆಡದಂತೆ ಹಿಡಿಯುವ ಫೈಲ್ ಬಗೆ) ಇರುವುದರಿಂದ ಬೇಕಿಲ್ಲ ಎನ್ನುತ್ತಾರೆ. ಆ ಮಾತು ಅದರ ಮೆಮೊರಿ ಕಾರ್ಡಿಗೆ ಇಳಿಯುವ ಫೈಲಿಗೆ ಸರಿ. ಫೋನಿನ ವೀಡಿಯೊ ಫೈಲಿನೊಳಗೆ ಆ ಸೌಕರ್ಯ ಉಳಿದಿರುವುದಿಲ್ಲ, ಆದ್ದರಿಂದ ಜೋರಾದ ಭಾಗದಲ್ಲಿ ಸದ್ದು ಒಡೆಯುತ್ತಿಲ್ಲವೇ ಎಂದು ಹೆಡ್‌ಫೋನ್‌ನಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ.

ಮುಂದೆ ಆಸಕ್ತಿ ಬೆಳೆದರೆ ಸಣ್ಣ ಡಯಾಫ್ರಾಮಿನ ಕಂಡೆನ್ಸರ್ ಮೈಕ್ ಜೋಡಿ ಮತ್ತು ಆ ಮೈಕ್‌ಗಳಿಗೆ ಬೇಕಾದ ವಿದ್ಯುತ್ತನ್ನು, ಅಂದರೆ 48 ವೋಲ್ಟ್ ಫ್ಯಾಂಟಮ್ ಪವರ್ ಅನ್ನು, ಕೇಬಲಿನಲ್ಲೇ ಕೊಡುವ, ಎರಡು ಮೈಕ್ ಸೇರುವ ಇಂಟರ್‌ಫೇಸ್ ತರಬಹುದು. ಇದೇ ಜಾಗದಲ್ಲಿ ಎರಡು ಮೈಕ್‌ಗಳ ಮೂತಿಗಳ ನಡುವೆ 17 ಸೆಂ.ಮೀ., ಕೋನ 110 ಡಿಗ್ರಿ ಇಟ್ಟರೆ ಸಾಕು. ಎರಡನ್ನೂ ಇಷ್ಟಬಂದಷ್ಟು ದೂರ ಇಡುವ ಹುಚ್ಚು ಬೇಡ. ಒಂದು ಸ್ವರ ಒಂದು ಮೈಕಿಗಿಂತ ಇನ್ನೊಂದಕ್ಕೆ 34 ಸೆಂ.ಮೀ. ಹೆಚ್ಚು ದೂರದಲ್ಲಿದ್ದರೆ ಅದು 1 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಎರಡು ಚಾನೆಲ್ ಒಂದಾಗಿ ಸೇರಿದಾಗ, ಅಂದರೆ ಒಂದೇ ಸ್ಪೀಕರಿನ ಫೋನಿನಲ್ಲಿ ಕೇಳಿದಾಗ, 500 ಹರ್ಟ್ಸ್ ಹತ್ತಿರ ಅಲೆಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಮಧ್ಯ 'ಸಿ'ಯ ಮೇಲಿನ 'ಬಿ' 494 ಹರ್ಟ್ಸ್. ರಾಗದ ನಡುವೆ ಆ ಒಂದು ಸ್ವರ ಸುಮ್ಮನೆ ಸೊರಗಿಹೋದರೆ ಮಗಳ ಬೆರಳನ್ನು ಬೈಯಬೇಡಿ.

ರೆಕಾರ್ಡಿಂಗ್ ದಿನ

ಫೋನ್ ಬಲಪಕ್ಕದಲ್ಲಿ, ಕೈ, ಮುಖ ಮತ್ತು ಪೆಡಲ್ ಒಟ್ಟಿಗೆ ಕಾಣುವಂತೆ, ಟ್ರೈಪಾಡ್ ಮೇಲೆ ಇರಲಿ. ಕ್ಯಾಮೆರಾ ಎಲ್ಲಿರಬೇಕು, ಶುರುವಿನಲ್ಲಿ ಏನು ತೋರಿಸಬೇಕು ಎಂಬ ನಿಯಮಗಳನ್ನು ಎಬಿಆರ್‌ಎಸ್‌ಎಂ ಪುಟದಲ್ಲಿ ಆ ವಾರವೇ ಇನ್ನೊಮ್ಮೆ ಓದಿಕೊಳ್ಳಿ. 1080ಪಿ ಸಾಕು, 4ಕೆ ಮಾಡಿದರೆ ಪರೀಕ್ಷಕರಿಗೆ ಲಾಭವಿಲ್ಲ, ಅಪ್‌ಲೋಡ್ ಮಾತ್ರ ರಾತ್ರಿಯೆಲ್ಲ ತಿರುಗುತ್ತಿರುತ್ತದೆ. ಫ್ಲೈಟ್ ಮೋಡ್ ಹಾಕಿ, ಸ್ಟೋರೇಜ್ ನೋಡಿಕೊಳ್ಳಿ.

ಫ್ಯಾನ್ ಆಫ್. ಪಕ್ಕದ ರೂಮಿನದೂ ಆಫ್. ಫ್ರಿಜ್ ಪ್ಲಗ್ ತೆಗೆಯುವುದಾದರೆ ಸ್ಕೂಟರ್ ಕೀಯನ್ನು ಫ್ರಿಜ್‌ನೊಳಗೇ ಇಡಿ. ಮತ್ತೆ ಹಾಕುವುದನ್ನು ಮರೆತು ಹೊರಡಲು ಆಗುವುದಿಲ್ಲ. ಯುಪಿಎಸ್ ಅಥವಾ ಇನ್ವರ್ಟರ್ ಗುಂಯ್‌ಗುಟ್ಟುತ್ತಿದ್ದರೆ, ಹಳೆ ಟ್ಯೂಬ್‌ಲೈಟಿನ ಚೋಕ್ ಝುಂ ಎನ್ನುತ್ತಿದ್ದರೆ ಆರಿಸಿ. ಲ್ಯಾಪ್‌ಟಾಪ್ ಬಳಸಿದಾಗ ರೆಕಾರ್ಡಿಂಗ್‌ನಲ್ಲೇ ಸಣ್ಣ ಗುಂಯ್ ಬಂದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಬಹಳ ಸಲ ಅಷ್ಟಕ್ಕೇ ಹೋಗುತ್ತದೆ. ಕೂರುವ ಬೆಂಚಿನ ಸ್ಕ್ರೂ ಬಿಗಿ ಮಾಡಿ, ಮಗಳ ಬಳೆ, ಗೆಜ್ಜೆ ತೆಗೆಸಿ. ಮೂತಿ ಚೂಪಾದ ಚಪ್ಪಲಿಗಿಂತ ಮೆತ್ತನೆ ಅಡಿಯ ಶೂನಲ್ಲಿ ಪೆಡಲ್ ಸದ್ದು ಕಡಿಮೆ.

ಹೊತ್ತು ಯಾವುದು? ಬೆಳಗ್ಗೆ ಹಕ್ಕಿ, ಹಾಲಿನ ಬೈಕು, ಕುಕ್ಕರ್ ಸೀಟಿ. ಸಂಜೆ ಮಕ್ಕಳ ಆಟ, ಹಾರ್ನ್. ಎಷ್ಟೋ ಬಡಾವಣೆಗಳಲ್ಲಿ ಊಟದ ಮೇಲೆ ಎರಡರಿಂದ ಮೂರೂವರೆ ಗಂಟೆ ಪ್ರಶಾಂತ. ನಿಮ್ಮ ಬೀದಿಯದು ಬೇರೆಯಿರಬಹುದು. ಹಿಂದಿನ ಎರಡು ದಿನ ಅದೇ ಹೊತ್ತಿಗೆ ರೆಕಾರ್ಡರ್ ಓಡಿಸಿಟ್ಟು ಖಾಲಿ ರೂಮನ್ನು ಕೇಳಿ ನೋಡಿ.

ಎರಡು ಪೂರ್ತಿ ಟೇಕ್, ಹೆಚ್ಚೆಂದರೆ ಮೂರು. ಅದರಾಚೆ ಬೆರಳೂ ದಣಿಯುತ್ತದೆ, ಮನಸ್ಸೂ. ಪ್ರತಿ ಕೃತಿ ಮುಗಿದಾಗ ಕೊನೆಯ ಸ್ವರ ಪೂರ್ತಿ ಆರುವವರೆಗೆ ಪೆಡಲ್ ಬಿಡದಿರಲಿ, ಕೈ ಕದಲದಿರಲಿ. ಮೊದಲ ಟೇಕ್ ಮುಗಿದ ಕೂಡಲೇ ಶುರು, ಮಧ್ಯ, ಕೊನೆ ಹತ್ತು ಹತ್ತು ಸೆಕೆಂಡ್ ಹೆಡ್‌ಫೋನ್‌ನಲ್ಲಿ ಕೇಳಿ. ಹೊರಗಿನ ಮೈಕ್ ಸಂಪರ್ಕ ನಡುವೆ ಕಡಿದುಹೋಗಿದ್ದರೆ ಆಗಲೇ ಗೊತ್ತಾಗಬೇಕು.

ಪರೀಕ್ಷೆಯಲ್ಲದ, ಊರಿಗೆ ಕಳಿಸುವ ಅಥವಾ ಯೂಟ್ಯೂಬಿಗೆ ಹಾಕುವ ರೆಕಾರ್ಡಿಂಗ್ ಆದರೆ ಕೈಗೆ ಸ್ವಾತಂತ್ರ್ಯವಿದೆ. ರೆಕಾರ್ಡರಿನಲ್ಲಿ ಬೇರೆಯಾಗಿ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್ ಮಾಡಿ (ಗಂಟೆಗೆ ಸುಮಾರು 1 ಜಿಬಿ), ಶುರುವಿನಲ್ಲಿ ಕ್ಯಾಮೆರಾಗೆ ಕಾಣುವಂತೆ ಒಂದು ಚಪ್ಪಾಳೆ ತಟ್ಟಿ. ಆ ಚಪ್ಪಾಳೆಯ ಗೆರೆ ಹಿಡಿದು ವೀಡಿಯೊ ಜೊತೆ ಹೊಂದಿಸಬಹುದು. ಸದ್ದು ತಿದ್ದಲು ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರ್ ಸಾಕು. ಎರಡು ಟೇಕ್ ಜೋಡಿಸುವಾಗ ಹೊಸ ಸ್ವರದ ಪೆಟ್ಟು ಬೀಳುವ ಮುನ್ನವೇ ಕತ್ತರಿಸಿ, 10–30 ಮಿಲಿಸೆಕೆಂಡ್ ಕ್ರಾಸ್‌ಫೇಡ್ (ಒಂದು ಇಳಿಯುತ್ತ ಇನ್ನೊಂದು ಏರುವ ಬೆಸುಗೆ) ಕೊಡಿ. ಎರಡೂ ಟೇಕ್‌ನಲ್ಲಿ ಅಲ್ಲಿ ಪೆಡಲ್ ಒಂದೇ ಸ್ಥಿತಿಯಲ್ಲಿರಬೇಕು, ಇಲ್ಲದಿದ್ದರೆ ಹಿಂದಿನ ಅನುರಣನ ಕತ್ತರಿ ಹಾಕಿದಂತೆ ನಿಲ್ಲುತ್ತದೆ. ಡಬ್ಬದ ನಾದ ಇನ್ನೂ ಉಳಿದಿದ್ದರೆ 250ರಿಂದ 400 ಹರ್ಟ್ಸ್ ನಡುವೆ 2 ಡಿಬಿ ತಗ್ಗಿಸಿ ನೋಡಿ. ರಿವರ್ಬ್ ಸೇರಿಸುವುದಾದರೆ ಒಂದೂವರೆ ಸೆಕೆಂಡಿನದ್ದನ್ನು, ಇದೆಯೋ ಇಲ್ಲವೋ ಎನ್ನುವಷ್ಟು. ಗದ್ದಲ ತೆಗೆಯುವ ಫಿಲ್ಟರ್‌ನಿಂದ ದೂರವಿರಿ. ಸ್ವರಗಳ ಬಾಲ ನೀರಿನೊಳಗಿಂದ ಬಂದಂತಾಗುತ್ತದೆ. ಕೊನೆಗೆ ಅತ್ಯುನ್ನತ ಮಟ್ಟ ಮೈನಸ್ 1 ಡಿಬಿ ದಾಟದಂತೆ ಒಟ್ಟಾರೆ ಸದ್ದು ಏರಿಸಿ, ಜೋರು–ಮೆಲುಗಳ ಅಂತರ ಕುಗ್ಗಿಸುವ ಕಂಪ್ರೆಸರ್ ಹಾಕಿ ಹಿಂಡಬೇಡಿ.